ಹಾಲು ಉಕ್ಕಿಸದ ಮನೆ

ರಚನಾಳಿಗೆ ಜರ್ಮನಿಯಲ್ಲಿ ಎರಡು ಮನೆ ಇದ್ದವು. ಕೇಳಿದವರು ಹೊಟ್ಟೆ ಉರಿದುಕೊಳ್ಳುತ್ತಿದ್ದರು, ಉರಿದುಕೊಳ್ಳಲಿ ಬಿಡಿ. ಒಂದರಲ್ಲಿ ಒಲೆಯಿತ್ತು, ಅಲ್ಲಿ ಅವಳಿರುತ್ತಿರಲಿಲ್ಲ. ಅವಳಿರುತ್ತಿದ್ದ ಮನೆಯಲ್ಲಿ ಒಲೆಯೇ ಇರಲಿಲ್ಲ. ಗಂಡನಂತೂ ಎರಡರಲ್ಲೂ ಇರಲಿಲ್ಲ.

ಗಂಡ ದ್ವಾರಕನಾಥ ಮೈಸೂರಿನ ಒಂಟಿಕೊಪ್ಪಲಿನಲ್ಲಿದ್ದ, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕಂಪ್ಯೂಟರಿನವರಿಗೆ ಗ್ರೀನ್ ಕಾರ್ಡ್ ಕೊಡುತ್ತೇವೆ ಬನ್ನಿ ಎಂದು ಜರ್ಮನಿ ಕರೆಯುತ್ತಿದ್ದ ಕಾಲ ಅದು. ರಚನಾ ನ್ಯೂರೆಂಬರ್ಗ್ ಹತ್ತಿರದ ಒಂದು ಪುಟ್ಟ ಊರಿಗೆ ಬಂದು ಕೆಲಸಕ್ಕೆ ಸೇರಿದಳು, ರಜೆ ಹಾಕಿ ಹೋಗಿ ಮದುವೆಯಾದಳು, ರಜೆ ಮುಗಿದೊಡನೆ ಒಬ್ಬಳೇ ವಾಪಸಾದಳು. ಗಂಡನ ವೀಸಾ ಅರ್ಜಿ ಚೆನ್ನೈನ ಕಾನ್ಸುಲೇಟಿನಿಂದ ಅವಳ ಊರಿನ ವಿದೇಶಿಯರ ಕಚೇರಿಗೆ ಬಂದು ಕೂತಿತು. ಹೆಂಡತಿ ಯಾವ ಊರಿನಲ್ಲಿ ವಾಸವೋ ಆ ಊರಿನ ಕಚೇರಿಯೇ ಹೂಂ ಅನ್ನಬೇಕು, ಅದು ಅಲ್ಲಿನ ಕ್ರಮ.

ಬೇಗ ಆಗುತ್ತದೆ ಎಂದು ಅವಳು ಫೋನಿನಲ್ಲಿ ಹೇಳಿದ್ದೇ ತಡ, ಪುಣ್ಯಾತ್ಮ ರಾಜೀನಾಮೆ ಕೊಟ್ಟುಬಿಟ್ಟ. ಶಾಲೆಯವರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಬೀಳ್ಕೊಟ್ಟರು. ಆ ಹಣ್ಣು ತಿಂದು ಎಷ್ಟೋ ತಿಂಗಳಾದರೂ ಮೇಷ್ಟ್ರು ಒಂಟಿಕೊಪ್ಪಲು ಬಿಟ್ಟಿರಲಿಲ್ಲ. ಹಾಲಿನ ಬೂತಿನಲ್ಲಿ ಸಿಕ್ಕವರು, "ಏನ್ ಮೇಷ್ಟ್ರೇ, ಜರ್ಮನಿಯಿಂದ ಯಾವಾಗ ಬಂದ್ರಿ?" ಎನ್ನುತ್ತಿದ್ದರು. ಅವನು ಹಾಲಿಗೆ ಹೋಗುವುದನ್ನೇ ಬಿಟ್ಟ.

ಇಷ್ಟು ಸಾಲದೆಂಬಂತೆ ರಚನಾಳ ಕಂಪನಿ ಆ ಊರಿನ ಶಾಖೆ ಮುಚ್ಚಿತು. ಕೆಲಸ ಬೇಕಾದರೆ ದೇಶದ ಇನ್ನೊಂದು ತುದಿಯ ಆಖೆನ್‌ಗೆ ಹೋಗು, ಬೇಡವಾದರೆ ನಮಸ್ಕಾರ, ಎಂದರು. ಕೆಲಸ ಹೋದರೆ ಗಂಡನ ವೀಸಾ ಮರೆತುಬಿಡುವುದೇ. ಊರು ಬದಲಾಯಿಸಿದರೆ ಏನಾಗುತ್ತದೆಂದು ಕಚೇರಿಯ ಹೆಂಗಸನ್ನು ಕೇಳಿದಳು. "ಫೈಲು ಆಖೆನ್‌ಗೆ ಹೋಗುತ್ತದೆ. ಅವರು ಮೊದಲಿನಿಂದ ನೋಡುತ್ತಾರೆ," ಎಂದಳು ಆಕೆ, ತುಂಬ ನಯವಾಗಿ. ಆ ನಯಕ್ಕೇ ರಚನಾಳ ಮೈಯೆಲ್ಲ ಉರಿದುಹೋಯಿತು.

ಉಪಾಯ ಹೇಳಿಕೊಟ್ಟವನು ಸಹೋದ್ಯೋಗಿ ಮೆಲ್ರಾಯ್, ಮಂಗಳೂರಿನವನು. "ಊರು ಬಿಟ್ಟೆ ಅಂತ ಹೇಳ್ಲಿಕ್ಕೇ ಹೋಗ್ಬೇಡ ಮಾರಾಯ್ತಿ. ಈ ಮನೆ ನಿನ್ನ ಹೆಸರಲ್ಲೇ ಇರ್ಲಿ. ಶನಿವಾರ ಬಾ, ಪೋಸ್ಟ್ ತೆಗಿ, ಹೋಗು. ವೀಸಾ ಕೈಗೆ ಬಂದ ಮೇಲೆ ಅಡ್ರೆಸ್ ಬದಲಾಯಿಸುವಾ, ಯಾರು ಕೇಳ್ತಾರೆ?"

ಹಾಗಾಗಿ ಎರಡು ಮನೆ. ಶನಿವಾರ ಬಂತೆಂದರೆ ರೈಲು ಹತ್ತು, ರೈಲು ಬದಲಿಸು, ಹಳೆಯ ಮನೆಯ ಟಪಾಲು ಡಬ್ಬಿಗೆ ಕೈ ಹಾಕು, ಪಿಜ್ಜಾ ಅಂಗಡಿಯ ಜಾಹೀರಾತು ಎತ್ತಿಕೊಂಡು ವಾಪಸು ಬಾ.

ಆಖೆನ್ ಮನೆಯದು ಬೇರೆಯೇ ಕತೆ. ಹಿಂದೆ ಇದ್ದವರು ಹೋಗುವಾಗ ಅಡುಗೆಮನೆಯನ್ನೇ ಕಿತ್ತುಕೊಂಡು ಹೋಗಿದ್ದರು! ಒಲೆ, ಕಪಾಟು, ಸಿಂಕು, ಕೊನೆಗೆ ಬಲ್ಬು ಕೂಡ. ಅಲ್ಲಿ ಹಾಗೇ ಅಂತೆ, ಅದರಲ್ಲಿ ಯಾರಿಗೂ ನಾಚಿಕೆಯಿಲ್ಲ. ರಚನಾ ಒಂದು ಕರೆಂಟ್ ಒಲೆ ತಂದಳು, ಆದರೆ ಡಬ್ಬ ಬಿಚ್ಚಲಿಲ್ಲ. "ಹೊಸ ಮನೇಲಿ ಹಾಲು ಉಕ್ಕಿಸದೆ ಅಡುಗೆ ಮಾಡ್ಬೇಡ ಕಣಮ್ಮ. ಅವನೂ ಬರ್ಲಿ, ಇಬ್ರೂ ನಿಂತು ಉಕ್ಕಿಸಿ," ಎಂದಿದ್ದರು ಅತ್ತೆ. ಅವಳಿಗೆ ಇಂಥದರಲ್ಲೆಲ್ಲ ನಂಬಿಕೆ ಅಷ್ಟಕ್ಕಷ್ಟೇ. ಆದರೂ ಇದೊಂದು ವಿಷಯದಲ್ಲಿ ಹಟ ಹಿಡಿದಳು. ಬ್ರೆಡ್ಡು, ಮೊಸರು, ಬಾಳೆಹಣ್ಣು ತಿಂದಳು, ದಿನಾ ಗಂಡನಿಗೆ ಫೋನು ಮಾಡಿ ಆ ಖಾಲಿ ಅಡುಗೆಮನೆಯನ್ನು ವರ್ಣಿಸಿದಳು. ಒಲೆ ಕಿಟಕಿ ಪಕ್ಕಕ್ಕಿಡೋಣ ಎಂದು ಅವನು ಅಲ್ಲಿಂದಲೇ ಹೇಳಿದ.

ಕೊನೆಗೂ ಹಳೆಯ ಊರಿನ ಕಚೇರಿ ಒಪ್ಪಿತು. ಪಾಸ್‌ಪೋರ್ಟ್ ತೆಗೆದುಕೊಂಡು ಬಾ ಎಂದು ಕಾನ್ಸುಲೇಟ್ ದ್ವಾರಕನಾಥನನ್ನು ಚೆನ್ನೈಗೆ ಕರೆಯಿತು.

"ಆಖೆನ್ ಅನ್ನೋ ಮಾತು ನಿನ್ ಬಾಯಲ್ಲಿ ಬರಕೂಡದು," ಎಂದಳು ರಚನಾ.

"ಗೊತ್ತು ಕಣೇ, ನಾನೇನು ಮಗುನಾ?"

ಆ ಶುಕ್ರವಾರ ಅವಳು ರಜೆ ಹಾಕಿ ಫೋನಿನ ಮುಂದೆ ಕೂತಳು. ಮಧ್ಯಾಹ್ನ ಅದು ಬಡಿದುಕೊಂಡಿತು.

"ಸಿಕ್ತಾ?"

"ಇಲ್ಲ ಕಣೇ." ಚೆನ್ನೈನ ಫೋನ್ ಬೂತಿನಿಂದ ಅವನ ಸ್ವರ ಸಣ್ಣಗೆ ಬಂತು. "ಎಲ್ಲಾ ಆಗಿತ್ತು. ಆ ಮೇಡಂ ತುಂಬ ಒಳ್ಳೆಯವರು. ಕೊನೇಲಿ ಸುಮ್ನೆ, ಮನೆ ಎಲ್ಲಿ ಅಂತ ಕೇಳಿದ್ರು. ಆಖೆನ್ ಅಂತ ಬಂದ್ಬಿಡ್ತು."

"ಬಂದ್ಬಿಡ್ತಾ? ಅದೇನು ಆಕಳಿಕೆನಾ ತಾನಾಗೇ ಬರೋಕೆ?"

"ಹೆಂಡತಿ ಈಗಾಗ್ಲೇ ಅಲ್ಲಿದಾರಾ ಅಂದ್ರು. ಹೂಂ ಅಂದೆ."

"ಆಮೇಲೆ?"

"ಅಡುಗೆಮನೆ ಇಲ್ಲ, ಪಾಪ ಬ್ರೆಡ್ ತಿಂತಾಳೆ ಅಂತಾನೂ ಹೇಳ್ದೆ."

ಅಯ್ಯೋ ಶಿವನೇ! ಸೀಲು ಹೊಡೆಯಲು ಎತ್ತಿದ್ದ ಕೈ ಕೆಳಗಿಳಿದಿತ್ತು. ಹೆಂಡತಿ ಆಖೆನ್‌ನಲ್ಲಿದ್ದರೆ ಆಖೆನ್ ಕಚೇರಿಯೇ ಒಪ್ಪಬೇಕು. ಫೈಲು ಅಲ್ಲಿಗೆ ಹೋಗುತ್ತದೆ, ಮತ್ತೆ ಮೊದಲಿನಿಂದ. ರಚನಾ ಕಿರುಚಿದಳು. ಮೇಷ್ಟ್ರು ಅನ್ನಿಸಿಕೊಂಡವನಿಗೆ ಒಂದು ಊರಿನ ಹೆಸರು ಬಾಯಲ್ಲಿಟ್ಟುಕೊಳ್ಳಲು ಆಗಲಿಲ್ಲವೇ ಎಂದಳು. ಇನ್ನೂ ಏನೇನೋ ಅಂದಳು.

ಅವನು ಎಲ್ಲ ಕೇಳಿಸಿಕೊಂಡ. "ನಮ್ಮನೆ ಎಲ್ಲಿ ಅಂತ ಕೇಳಿದ್ರೆ ಇನ್ನೇನ್ ಹೇಳ್ಲಿ ರಚ್ಚು? ಆ ಹಳೇ ಮನೇಲಿ ಒಲೆ ಎಲ್ಲಿದೆ ಅಂತಾನೂ ನಂಗೊತ್ತಿಲ್ಲ. ನೀನು ಮಾತೆತ್ತಿದ್ರೆ ಇದೇ ಮನೆ."

ಅವಳು ಫೋನು ಕುಕ್ಕಿದಳು. ಗಂಡನ ಮೇಲೆ, ಮೆಲ್ರಾಯ್ ಮೇಲೆ, ಸಿಂಕು ಹೊತ್ತುಕೊಂಡು ಹೋದವರ ಮೇಲೆ ಸಿಟ್ಟು ಕುದಿಯಿತು. ಅವನು ಅಂದದ್ದು ನಿಜವಾಗಿತ್ತಲ್ಲ, ಅದಕ್ಕೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂತು.

ಮಾರನೆಯ ದಿನ ಶನಿವಾರ. ಹಳೆಯ ಮನೆಗೆ ಹೋಗಿ ಇನ್ನೇನು ಮಾಡುವುದು? ಅವಳು ರೈಲು ಹತ್ತಲಿಲ್ಲ. ಅಂಗಡಿಯಿಂದ ಹಾಲು ತಂದಳು, ಡಬ್ಬ ಹರಿದಳು, ಒಲೆಯನ್ನು ಬರಿನೆಲದ ಮೇಲೆ ಕಿಟಕಿಯ ಪಕ್ಕಕ್ಕೇ ಇಟ್ಟಳು. ಅಮ್ಮ ಕೊಟ್ಟ ಪುಟ್ಟ ಪಾತ್ರೆಗೆ ಕಂಠಮಟ್ಟ ಹಾಲು ಸುರಿದು ಮೈಸೂರಿಗೆ ಫೋನು ಮಾಡಿದಳು.

"ಹಾಲಿಟ್ಟಿದೀನಿ."

ಆ ಕಡೆಯಿಂದ ಅವನು ರಾಗ ಎಳೆದ. "ನಾನು ಬರೋವರೆಗೂ..."

"ನೀನು ಬರೋವರೆಗೂ ಬ್ರೆಡ್ ತಿನ್ಕೊಂಡಿರ್ಲಾ? ಫೈಲು ಬೇಕಾದ್ರೆ ಮೊದಲಿಂದ ಶುರುವಾಗ್ಲಿ. ನಂಗೆ ಸಾಕಾಗಿದೆ ಕಣೋ. ಸಾರು ಅನ್ನ ತಿನ್ಬೇಕು. ನೀನು ಬೇಕು. ಎರಡರಲ್ಲಿ ಒಂದಾದ್ರೂ ಆಗ್ಲಿ."

ಅಷ್ಟರಲ್ಲಿ ಹಾಲು ಬುಸ್ಸೆಂದು ಎದ್ದಿತು. ಪಾತ್ರೆ ದಾಟಿ, ಒಲೆ ದಾಟಿ ನೆಲಕ್ಕೆ ಹರಿಯಿತು. ಸೀದ ವಾಸನೆ ಮನೆಯೆಲ್ಲ ತುಂಬಿತು. ಅವಳು ಪ್ಲಗ್ಗು ಕಿತ್ತಳು.

"ಉಕ್ತಾ?" ಎಂದ ದ್ವಾರಕನಾಥ. ಹಿಂದಿನಿಂದ ಅತ್ತೆಯ ದನಿ ಕೇಳಿಸುತ್ತಿತ್ತು. "ಯಾವ ದಿಕ್ಕಿಗೆ ಅಂತ ಅಮ್ಮ ಕೇಳ್ತಿದಾರೆ. ಪೂರ್ವಕ್ಕಾದ್ರೆ ಒಳ್ಳೇದಂತೆ."

ಈ ಮನೆಯಲ್ಲಿ ಪೂರ್ವ ಯಾವ ಕಡೆಗೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅಷ್ಟು ಸಣ್ಣ ವಿಷಯಕ್ಕೆ ಗೊಳೋ ಎಂದು ಅತ್ತುಬಿಟ್ಟಳು.

"ಎಲ್ಲಾ ದಿಕ್ಕಿಗೂ ಉಕ್ಕಿದೆ ಕಣೋ," ಎಂದಳು ಮೂಗು ಒರೆಸಿಕೊಂಡು. "ನೆಲ ಪೂರ್ತಿ ಹಾಲು. ನಾನಂತೂ ಮುಟ್ಟಲ್ಲ. ನೀನೇ ಬಂದು ಒರೆಸು."