ಫ್ಲೆಕ್ಸಿನ ಕೀಬೋರ್ಡು

ಅಶ್ಮಿತಾ ತನ್ನ ಡೈರಿಯಲ್ಲಿ ಒಂದೇ ಚಿಂತೆಯನ್ನು ದಿನಕ್ಕೊಂದು ರೀತಿಯಲ್ಲಿ ಬರೆಯುತ್ತಿದ್ದಳು: ನನ್ನ ದನಿ ಎರಡನೇ ಸಾಲಿನ ತನಕ ಹೋಗುವುದಿಲ್ಲ. ಡೊಂಬಿವಲಿಯಲ್ಲಿ ಲೋಕಲ್ ಗಾಡಿ ಹತ್ತಿ, ಠಾಣೆಯಲ್ಲಿ ಬದಲಿಸಿ, ತುರ್ಭೆ ಬರುವವರೆಗೂ ಅವಳು ಆ ದಿನದ ಪಾಠವನ್ನು ಮನಸ್ಸಿನೊಳಗೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ತರಗತಿಗೆ ಕಾಲಿಟ್ಟ ಮೇಲೆ ನೋಡಿದರೆ ಆ ಗಟ್ಟಿದನಿ ಗಾಡಿಯಿಂದ ಇಳಿದಿರುತ್ತಲೇ ಇರಲಿಲ್ಲ.

"ಅಕ್ಕೋರೆ, ಕಿವ್ಯಾಗ ಗುಂಗಾಡಿ ಗುಂಯ್ ಅಂದಂಗ ಆಗ್ಲಿಕತ್ತದ," ಎಂದಳು ಮುಂದಿನ ಸಾಲಿನ ಚಂದವ್ವ. "ಪಾಠ ಹೇಳ್ಲಿಕತ್ತೀರೋ, ಮಂತ್ರ ಹಾಕ್ಲಿಕತ್ತೀರೋ?"

ಎಲ್ಲರೂ ನಕ್ಕರು. ಅಶ್ಮಿತಾಳೂ ನಕ್ಕಳು, ಅದೂ ಯಾರಿಗೂ ಕೇಳಿಸಲಿಲ್ಲ.

ಚಂದವ್ವ ಯಾದಗಿರಿಯ ಕಡೆಯವಳು. ತುರ್ಭೆಯ ಧಾನ್ಯದ ಗೋದಾಮಿನಲ್ಲಿ ಹರಿದ ಚೀಲಗಳಿಗೆ ಹೊಲಿಗೆ ಹಾಕುತ್ತ, ಚೆಲ್ಲಿದ ಕಾಳು ಗುಡಿಸುತ್ತ ಅವಳ ಪ್ರಾಯ ಕಳೆದಿತ್ತು. ಅವಳ ಹಿಂದೆ ಕೂರುವ ಮಾಪಣ್ಣ ಅದೇ ಗೋದಾಮಿನಲ್ಲಿ ಚೀಲ ಹೊರುವವನು. ನೋಟು ರದ್ದಾದ ಮರುವರ್ಷ ಗೋದಾಮಿನ ಸೇಠ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ಮಾತು ಹೇಳಿದ್ದ. ದೀಪಾವಳಿಯ ನಂತರ ಲೆಕ್ಕವೆಲ್ಲ ಕಂಪ್ಯೂಟರಿಗೆ, ಹೊರುವುದೆಲ್ಲ ಯಂತ್ರಕ್ಕೆ. ಸರಕಾರದ ಯೋಜನೆಯಲ್ಲಿ ಕಂಪ್ಯೂಟರ್ ಕಲಿತು ಪಾಸಾದವರು ಉಳಿಯಬಹುದು. ಉಳಿದವರು ಊರಿನ ಬಸ್ಸು ಹಿಡಿಯಬಹುದು.

ಹಾಗೆ ಅವರೆಲ್ಲ ಪಾಳಿ ಮುಗಿಸಿ, ಮೈಮೇಲಿನ ಹೊಟ್ಟು ಕೊಡವಿಕೊಂಡು ಲೋಕನಾಥನ ತರಬೇತಿ ಕೇಂದ್ರಕ್ಕೆ ಬರುತ್ತಿದ್ದರು. ಕೇಂದ್ರವೆಂದರೆ ತಗಡು ಹೊದಿಸಿದ ಒಂದು ಕೋಣೆ. ಹೊರಗಿನ ಬೋರ್ಡಿನಲ್ಲಿ ನಗುತ್ತಿದ್ದ ಹುಡುಗಿಯ ಮುಂದೆ ಕಂಪ್ಯೂಟರ್ ಇತ್ತು. ಒಳಗೆ ಇರಲಿಲ್ಲ.

ಒಳಗಿದ್ದದ್ದು ಫ್ಲೆಕ್ಸು. ಯಾವುದೋ ಪುಢಾರಿಯ ಹುಟ್ಟುಹಬ್ಬದ ಬ್ಯಾನರನ್ನು ತುಂಡು ತುಂಡು ಮಾಡಿ, ಹಿಂಬದಿಗೆ ಕೀಬೋರ್ಡಿನ ಚಿತ್ರ ಅಂಟಿಸಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿದ್ದರು. ಅದರ ಮೇಲೆ ಬೆರಳಾಡಿಸಿ ಕಲಿಯಬೇಕು.

"ನನ್ನ ಎ ಅಕ್ಷರದ ಬುಡಕ್ಕ ಸಾಹೇಬನ ಮೂಗು ಬಂದದ," ಎನ್ನುತ್ತಿದ್ದ ಮಾಪಣ್ಣ, ತುಂಡನ್ನು ತಿರುಗಿಸಿ ನೋಡಿ. "ಒತ್ತಿದ್ರ ಸೀನ್ತಾನೇನೋ."

"ನಿಂದ್ರಾಗ ಮೂಗರೆ ಅದಪ್ಪ. ನಂದ್ರಾಗ ಬರೇ ಮೀಸಿ," ಎನ್ನುತ್ತಿದ್ದಳು ಚಂದವ್ವ. ನಗುತ್ತಲೇ ಅವಳ ಬೆರಳು ತನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳ ಮೇಲೆ ಇರುವೆಯ ಹಾಗೆ ಹರಿದಾಡುತ್ತಿತ್ತು. ಒಂದು ಸಲವೂ ದಾರಿ ತಪ್ಪುತ್ತಿರಲಿಲ್ಲ. ಗೋದಾಮಿನಲ್ಲಿ ಚೀಲ ಹೊಲಿಯುವಾಗಲೂ ತೊಡೆಯ ಮೇಲೆ ಅದನ್ನೇ ಬರೆಯುತ್ತಿದ್ದಳಂತೆ.

"ಖರೇ ಕಂಪ್ಯೂಟರ್ ಯಾವಾಗ ಬರ್ತದ್ರೀ ಅಕ್ಕೋರೆ?"

"ಬರ್ತದೆ," ಎನ್ನುತ್ತಿದ್ದಳು ಅಶ್ಮಿತಾ. ಈ ಒಂದು ಮಾತು ಮಾತ್ರ, ಏನು ಮಾಯೆಯೋ, ಎರಡನೇ ಸಾಲಿಗೂ ಕೇಳಿಸುತ್ತಿತ್ತು.

ಲೋಕನಾಥನಿಗೆ ಅವಳು ಪರಕೀಯಳಲ್ಲ. ಅವಳ ಅಪ್ಪ ಡೊಂಬಿವಲಿಯಲ್ಲಿ ಲೋಕನಾಥನ ಭಾವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದವಳನ್ನು ಕರೆದು ಕೆಲಸ ಕೊಟ್ಟದ್ದನ್ನು ಲೋಕನಾಥ ಮರೆತಿರಲಿಲ್ಲ, ಮರೆಯಲು ಬಿಡುತ್ತಲೂ ಇರಲಿಲ್ಲ.

"ನಾಳೆ ತಪಾಸಣೆ ಉಂಟು," ಎಂದ ಒಂದು ಸಂಜೆ. "ಮೇಲಿನ ಸಾಹೇಬ್ರು ಬರ್ತಾರೆ. ನೀನು ಎಂತದೂ ಮಾತಾಡ್ಬೇಡ. ಅದು ನಿನಗೆ ಕಷ್ಟ ಇಲ್ಲ ಅಲ್ವಾ ಮಾರಾಯ್ತಿ? ಅದಕ್ಕೇ ನಿನ್ನನ್ನು ಆರಿಸಿದ್ದು ನಾನು."

"ಕಂಪ್ಯೂಟರ್..." ಎಂದಳು ಅಶ್ಮಿತಾ.

"ಬಾಡಿಗೆಗೆ ಬರ್ತದೆ. ಇವರಿಗೆ ಮೂರು ತಿಂಗಳು ಕಂಪ್ಯೂಟರ್ ಕೊಟ್ಟಿದ್ರೆ ಎಂತ ಮಾಡ್ತಿದ್ರು? ತಲೆ ಮೇಲೆ ಹೊತ್ಕೊಂಡು ಹೋಗ್ತಿದ್ರು. ಅವರಿಗೆ ಅದೊಂದೇ ಗೊತ್ತಿರುದು."

ಮರುದಿನ ಬೆಳಿಗ್ಗೆ ಮಾಜಿವಾಡಾದಿಂದ ಬಾಡಿಗೆ ಕಂಪ್ಯೂಟರುಗಳ ಟೆಂಪೋ ಬಂತು. ಇಳಿಸಲು ಆಳು ಬೇಕಲ್ಲ? ವಿದ್ಯಾರ್ಥಿಗಳೇ ಇದ್ದರು. ಮಾಪಣ್ಣ ಟವೆಲ್ಲನ್ನು ಸಿಂಬೆ ಸುತ್ತಿ, ಎರಡು ಪೆಟ್ಟಿಗೆ ಒಟ್ಟಿಗೇ ತಲೆಗೇರಿಸಿಕೊಂಡ.

"ಮೂರು ತಿಂಗಳು ಕಾದಿದ್ದಕ್ಕ ಹೊರ್ಲಿಕ್ಕರೆ ಸಿಕ್ತಲ್ಲವ್ವ," ಎಂದು ಅಶ್ಮಿತಾಳನ್ನು ದಾಟಿ ಹೋದ. ಅವಳು ಬಾಗಿಲಿಗೆ ಒತ್ತಿಕೊಂಡು ದಾರಿ ಬಿಟ್ಟಳು.

ಲೋಕನಾಥ ಎಲ್ಲರನ್ನೂ ಕೂರಿಸಿ ಬೆರಳೆತ್ತಿದ. "ಕೇಳಿದ್ರೆ ಇವು ಮೊದಲಿಂದ್ಲೂ ಇದ್ದವು ಅಂತ ಹೇಳ್ಬೇಕು. ಬೇರೆ ಎಂತಾದ್ರೂ ಬಾಯಿ ಬಿಟ್ಟವನನ್ನು ಒದ್ದು ಹೊರಗೆ ಹಾಕ್ತೇನೆ. ಸರ್ಟಿಫಿಕೇಟೂ ಇಲ್ಲ, ಎಂತದೂ ಇಲ್ಲ."

"ನಮ್ಮ ಬೆನ್ನ ಮ್ಯಾಲೆ ತಂದು, ನಮಗೇ ಸುಳ್ಳ ಹೇಳು ಅಂತಾನಲ್ಲ ಸೂಳಿಮಗಾ," ಎಂದು ಗೊಣಗಿದ ಮಾಪಣ್ಣ. ಫ್ಲೆಕ್ಸುಗಳನ್ನು ಮಡಚಿ ಕುಂಡೆಯ ಕೆಳಗೆ ಹಾಕಿಕೊಂಡು ಕೂರಬೇಕೆಂದು ಅಪ್ಪಣೆಯಾಯಿತು. ಎಲ್ಲರೂ ಪುಢಾರಿಯ ಮೇಲೆ ಕೂತರು.

ಸಾಹೇಬರು ಬಂದರು. ಮರಾಠಿಯವರು, ಬೆವರಿದ್ದರು, ಇನ್ನೂ ಮೂರು ಕೇಂದ್ರ ನೋಡುವುದಿತ್ತು. ಮುಂದಿನ ಸಾಲಿನ ಚಂದವ್ವನಿಗೆ, "ನಾಮ್ ಲಿಖೋ," ಎಂದು ಹೆಸರು ಬರೆಯಹೇಳಿದರು.

ಚಂದವ್ವ ಸೆರಗು ಸಿಕ್ಕಿಸಿಕೊಂಡು ಕೂತಳು. ಬೆರಳು ಇರುವೆಯ ಹಾಗೆ ಹರಿಯಿತು. ಅದೇ ಅಕ್ಷರ, ಅದೇ ಓಟ. ಬರೆದು ಕೈಮುಗಿದಳು. ಪರದೆಯ ಮೇಲೆ ಒಂದಕ್ಷರವೂ ಇರಲಿಲ್ಲ. ಫ್ಲೆಕ್ಸಿನ ಮೇಲೆ ಸವರಿದರೆ ಸಾಕಾಗುತ್ತಿತ್ತು, ಇಲ್ಲೂ ಅವಳು ಸವರಿದ್ದಳಷ್ಟೇ.

"ಒತ್ತೇ," ಎಂದು ಹಲ್ಲು ಕಚ್ಚಿದ ಲೋಕನಾಥ.

ಒತ್ತಿದಳು. ಗುಂಡಿ ಒಳಕ್ಕೆ ಇಳಿಯಿತು. ಚಂದವ್ವನ ಎದೆ ಅದಕ್ಕಿಂತ ಕೆಳಗಿಳಿಯಿತು. "ಅಯ್ಯ, ಮುರದೇ ಹೋತಲ್ರೀ," ಎಂದು ಪಿಸುಗುಟ್ಟಿ, ಮುರಿದದ್ದು ಸಾಹೇಬರಿಗೆ ಕಾಣದಿರಲೆಂದು ಬೆರಳನ್ನು ಎತ್ತದೆ ಅಲ್ಲೇ ಭದ್ರವಾಗಿ ಇಟ್ಟಳು. ಪರದೆಯ ಮೇಲೆ ಸಿ ಅಕ್ಷರ ಹುಟ್ಟಿತು. ಅದರ ಪಕ್ಕ ಇನ್ನೊಂದು, ಮತ್ತೊಂದು. ಗೋದಾಮಿಗೆ ಬರುವ ಲಾರಿಗಳ ಹಾಗೆ ಸಾಲುಗಟ್ಟಿ, ಸಾಲು ತುಂಬಿ, ಕೆಳಗಿನ ಸಾಲಿಗೂ ನುಗ್ಗಿದವು.

ಸಾಹೇಬರ ಹುಬ್ಬು ಮೇಲೇರಿತು. ಮೂರು ತಿಂಗಳು ಏನು ಕಲಿತಿರಿ ಎಂದು ಹಿಂದಿಯಲ್ಲಿ ಕೇಳಿದರು.

"ಕಲಿಸಿ ಕಲಿಸಿ ಸಾಕಾಯ್ತು ಸರ್," ಎಂದು ಲೋಕನಾಥ ಅದೇ ಹಿಂದಿಯಲ್ಲಿ ನಕ್ಕ. "ಗೋಣಿ ಹೊರುವ ಜಾತಿ. ಇವರ ತಲೆಯೊಳಗೂ ಗೋಣಿಯೇ."

ಚಂದವ್ವನಿಗೆ ಹಿಂದಿ ಬರುತ್ತಿತ್ತು, ಮುಖವೆಲ್ಲ ಕೆಂಪಾಯಿತು. ಬಾಯಿ ತೆರೆದಳು. ಆಗ ಅವಳ ಕಣ್ಣು ಮೂಲೆಯಲ್ಲಿ ದುಪಟ್ಟಾದ ಚುಂಗನ್ನು ಹಿಂಡುತ್ತಿದ್ದ ಅಶ್ಮಿತಾಳ ಮೇಲೆ ಬಿತ್ತು. ತೆರೆದ ಬಾಯಿ ಬೇರೆಯೇ ಮಾತಾಡಿತು.

"ಮೇಡಂನೆ ಅಚ್ಛಾ ಸಿಖಾಯಾ ಸಾಬ್. ಮೇರಾಚ್ ದಿಮಾಗ್ ಮೋಟಾ ಹೈ."

ಮೇಡಂ ಚೆನ್ನಾಗಿಯೇ ಕಲಿಸಿದರು, ಮಂದವಾದದ್ದು ತನ್ನ ತಲೆಯೇ ಎಂದು ಹೇಳಿ ಅಶ್ಮಿತಾಳ ಕಡೆ ತಿರುಗಿ, ಇನ್ನು ನಿಮ್ಮ ನೌಕರಿಗೆ ಧಕ್ಕೆಯಿಲ್ಲ ಎಂಬಂತೆ ಸಣ್ಣಗೆ ನಕ್ಕಳು. ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. "ಮುಂದಿನ ಬ್ಯಾಚಿನಲ್ಲಿ ಇಷ್ಟು ದಡ್ಡರು ಬೇಡ," ಎಂದು ಲೋಕನಾಥನಿಗೆ ಹೇಳುತ್ತ ಹೊಡೆದುಹಾಕಲು ಪಟ್ಟಿಯಲ್ಲಿ ಚಂದವ್ವನ ಹೆಸರು ಹುಡುಕತೊಡಗಿದರು.

ಅಶ್ಮಿತಾ ಮೂಲೆಯಿಂದ ಬಂದಳು. ಮೊದಲು ಚಂದವ್ವನ ಬೆರಳನ್ನು ಮೆಲ್ಲಗೆ ಎತ್ತಿದಳು. ಗುಂಡಿ ಮುರಿದಿರಲಿಲ್ಲ, ಮೇಲೆ ಬಂತು. ಆಮೇಲೆ ಬಗ್ಗಿ, ಅವಳ ಕುರ್ಚಿಯಿಂದ ಮಡಚಿದ ಫ್ಲೆಕ್ಸನ್ನು ಎಳೆದಳು. ಚಂದವ್ವ ಏಳಲೊಲ್ಲಳು.

"ಬ್ಯಾಡ್ರೀ ಅಕ್ಕೋರೆ. ಸುಮ್ಕಿರ್ರಿ."

"ಏಳಿ ಚಂದವ್ವ."

ಎದ್ದಳು. ಫ್ಲೆಕ್ಸು ಸಾಹೇಬರ ಮುಂದೆ ಬಿಚ್ಚಿಕೊಂಡಿತು. ಒಂದು ಕಡೆ ಕೀಬೋರ್ಡು, ಮಡಚಿಕೊಂಡ ಮೂಲೆಯಲ್ಲಿ ಅರ್ಧ ಮೀಸೆ.

"ಅಶ್ಮಿತಾ," ಎಂದ ಲೋಕನಾಥ. "ಅಪ್ಪನ ಮುಖ ನೋಡಿಯಾದ್ರೂ..."

ಅವಳು ಸಾಹೇಬರ ಕಡೆಗೇ ತಿರುಗಿ ಹಿಂದಿಯಲ್ಲಿ ಮಾತಾಡಿದಳು. ದನಿ, ಎಲ್ಲಿ ಅಡಗಿ ಕೂತಿತ್ತೋ, ಕೊನೆಯ ಸಾಲು ದಾಟಿ ಹಿಂದಿನ ತಗಡಿಗೆ ಹೋಗಿ ಬಡಿಯಿತು.

"ಸರ್, ಇವರು ಕಂಪ್ಯೂಟರ್ ಮುಟ್ಟಿದ್ದೇ ಇವತ್ತು. ಇಲ್ಲಿವರೆಗೆ ನಾನು ಕಲಿಸಿದ್ದು ಇದರ ಮೇಲೆ."