ಗಾದೆಮ್ಮನ ಗೂಡು

ಟ್ರ್ಯಾಕ್ಟರಿನ ಹಿಂಬಾಗಿಲ ಸರಪಳಿ ಬಿಚ್ಚುತ್ತಿದ್ದ ಅಪ್ಪನ ತಮ್ಮ ವಿರೂಪಾಕ್ಷಪ್ಪನ ಕೈಯನ್ನು ಪಾರಮ್ಮ ಹಿಡಿದುಕೊಂಡಳು.

"ಅವ್ವನ್ನ ದೇಶನೂರಿಗೆ ಕಳಸಾಂಗಿಲ್ಲ, ಕಾಕಾ."

"ಹುಚ್ಚಿ! ಗಂಡನ ಸಮಾಧಿ ಮಗ್ಗಲಾಗ ಕುಂಡ್ರಸೋದು ಬಿಟ್ಟು ಈ ಕುರುಗೋಡಿನ ಹೊಲದಾಗ ಮಣ್ಣು ಮಾಡ್ತಾರೇನು? ಮಂದಿ ನಗಾಂಗಿಲ್ಲ?"

"ದೇಶನೂರಾಗ ಆಕಿ ಬೆನ್ನಿಗೆ ಬರಿ ಎಳದಾಗ ಆ ಮಂದಿ ಎಲ್ಲಿತ್ತು?"

ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದ ಅವ್ವ ಗಾದೆಮ್ಮನ ಶವದ ಹಣೆಯ ವಿಭೂತಿ ಒಣಗಿ ಬಿರಿದಿತ್ತು. ಕೂಲಿ ಮಾಡಿ ಆಕೆ ಕೊಂಡ ತುಂಡು ಹೊಲದಲ್ಲಿ ಸಮಾಧಿಯ ಕುಣಿ ಅರ್ಧಕ್ಕೇ ನಿಂತಿತ್ತು.

"ಹಿರೇಮಗ ಅದಾನ. ಅಂವ ಹೇಳ್ದಂಗ," ಎಂದುಬಿಟ್ಟರು ಹಿರಿಯರು.

ದೇಶನೂರಿನಿಂದ ಬಂದ ಮಗ ಉಜ್ಜಿನಪ್ಪ ಬೇವಿನ ಕೆಳಗೆ ಚಪ್ಪಲಿ ಕೂಡ ಬಿಡದೆ ನಿಂತಿದ್ದ. ಚಿಕ್ಕವನಿದ್ದಾಗ ತನ್ನನ್ನು ಅಲ್ಲೇ ಬಿಟ್ಟು, ಎದೆಗೂಸು ಪಾರಮ್ಮನನ್ನಷ್ಟೇ ಎತ್ತಿಕೊಂಡು ಓಡಿದವಳ ಮುಖವನ್ನು ಅವನಿನ್ನೂ ನೋಡಿರಲಿಲ್ಲ. ಅವನ ಬಾಯಿಂದ ಏನು ಬರುವುದೋ ಎಂದು ಪಾರಮ್ಮ ಅವನತ್ತ ನಡೆದಳು.

*

ಹಿಂದೆ, ಎಪ್ಪತ್ತೆರಡನೆಯ ಇಸವಿ. ಬಳ್ಳಾರಿ ಕಾಲೇಜಿನ ಪರೀಕ್ಷೆಗೆ ಪಾರಮ್ಮ ಗಟ್ಟಿಯಾಗಿ ಓದುತ್ತಿದ್ದಳು. ಗಾದೆಮ್ಮ ಶೇಂಗಾ ಸುಲಿಯುತ್ತ ಕಿವಿಗೊಟ್ಟಿದ್ದಳು.

"ಈ ನೆಲ ಕೊರಿಯೋ ಜೇನಿಗೆ ರಾಣಿ ಇಲ್ಲವ್ವಾ. ಒಂದೊಂದು ಹೆಣ್ಣೂ ತನ್ನ ಗೂಡು ತಾನ ತೋಡ್ತೈತಿ."

"ಅತ್ತಿ ಕಾಟ ಇಲ್ಲನ್ನು!"

"ಇನ್ನೊಂದು ಕಡಲಸೌತಿ. ಸಮುದ್ರದ ತಳದಾಗಿನ ಪ್ರಾಣಿ. ಯಾರರ ಮೈಮ್ಯಾಲೆ ಬಿದ್ರ ತನ್ನ ಕರುಳು ಹೊರಗ ಕಕ್ಕಿ ತಪ್ಪಿಸ್ಕೊಂತೈತಿ."

"ಸೌತಿಗೆ ಎಲ್ಲಿ ಕರುಳಲೇ!" ನಗುತ್ತಿದ್ದ ಗಾದೆಮ್ಮನ ಕೈ ನಿಂತಿತು. "ಆ ಕರುಳು... ಅಲ್ಲೇ ಬಿಟ್ಟು ಹೋಗ್ತೈತಾ?"

"ಹೂಂ. ಒಳಗ ಹೊಸಾದು ಬೆಳಿತೈತಿ."

"ಸುಳ್ಳು. ಬರದಾಂವ ಗಂಡಸಿರಬೇಕು," ಎಂದವಳೇ ಮೊರ ತಳ್ಳಿ ಎದ್ದುಹೋದಳು.

*

"ಆಕಿ ನನ್ನ ಹೆಸರು ಎಂದಾರ ತಗದಿದ್ಲಾ?" ಬೇವಿನ ಕೆಳಗೆ ನಿಂತೇ ಉಜ್ಜಿನಪ್ಪ ತಂಗಿಯನ್ನು ಕೇಳಿದ.

ಪಾರಮ್ಮ ಕಡಲಸೌತೆಯ ಮಾತು ಹೇಳಿದಳು. "ಆಕಿಗೆ ಹೊಸಾದು ಬೆಳಿಲಿಲ್ಲಣ್ಣ."

ಅವನು ಚಪ್ಪಲಿ ಬಿಟ್ಟ. ಪಡಸಾಲೆಗೆ ಹೋಗಿ ಅವ್ವನ ಮುಖ ನೋಡಿದ. ಹೊರಬಂದು, "ಕಾಕಾ, ಖಾಲಿ ಟ್ರ್ಯಾಕ್ಟರ್ ಹೊಳ್ಳಸು," ಎಂದವನೇ ಹೋಗಿ ಕುಣಿಗಿಳಿದ.

"ಹೆಂಗಸಿನ ಮಾತು ಕೇಳಿ ಕೆಟ್ಟಿ ಲೇ!" ವಿರೂಪಾಕ್ಷಪ್ಪ ಕೂಗುತ್ತಲೇ ಇದ್ದ.

ಅವ್ವ ಕೂರುವ ಗೂಡನ್ನು ಕುಣಿಯ ಗೋಡೆಯಲ್ಲಿ ಕೊರೆಯುವಾಗ, ಕಿರುಬೆರಳು ಹೋಗುವಷ್ಟು ತೂತೊಂದು ಬಾಯಿಬಿಟ್ಟಿತು. ಕಾಲಿಗೆಲ್ಲ ಹಳದಿ ಪುಡಿ ಮೆತ್ತಿಕೊಂಡ ಜೇನೊಂದು ಗುಂಯ್ಗುಡುತ್ತ ಸುತ್ತಿ, ಗೋಡೆಗೆ ಊರಿದ್ದ ಅವನ ಹಿಂಗೈ ಮೇಲೆ ಕೂತಿತು. ಉಜ್ಜಿನಪ್ಪ ಮೆಲ್ಲಗೆ ಕೈ ಸರಿಸಿದ. ಜೇನು ತನ್ನ ತೂತಿನೊಳಗೆ ಹೋಯಿತು.

ಅವನು ಆ ತೂತು ಬಿಟ್ಟು ಒಂದು ಗೇಣು ಆಚೆಗೆ ಗುರುತು ಹಾಕಿ, ಅವ್ವನ ಗೂಡನ್ನು ಮತ್ತೆ ಮೊದಲಿನಿಂದ ತೋಡತೊಡಗಿದ.