ಹಳದಿ ಹಾಳೆ

ಹೆರಿಗೆಯಾದ ಏಳನೆಯ ರಾತ್ರಿ ಬಾಣಂತಿ ಕೋಣೆಯಿಂದ ಒಂದು ಸಣ್ಣ ಸದ್ದು ಬಂತು. ಅಳು ಎನ್ನುವಂತಿರಲಿಲ್ಲ. ಎಣ್ಣೆ ಕಾಣದ ಬಾಗಿಲಿನ ಹಾಗೆ ತೆಳ್ಳಗೆ ಎದ್ದು ನಿಂತುಹೋಯಿತು. ಕಂದೀಲು ಎತ್ತಿ ನೋಡಿದೆ. ಕೂಸು ಮೊಲೆ ಬಿಟ್ಟು ಸುಮ್ಮನೆ ಬಿದ್ದಿತ್ತು. ಹೊಟ್ಟೆ ತುಂಬಿರಬೇಕು, ಹೋಗಿ ಮಲಗು ಎಂದಳು ಅವ್ವ.

ಆಗ ನಾನು ಯಲಬುರ್ಗಾದಲ್ಲಿ ಹೈಸ್ಕೂಲಿನ ವಿಜ್ಞಾನ ಟೀಚರು. ತಂಗಿ ಹುಲಗೆಮ್ಮ ಅಲ್ಲಿಯ ಆಸ್ಪತ್ರೆಯಲ್ಲಿ ಹೆತ್ತು, ಮೂರನೆಯ ದಿನ ನನ್ನ ಬಾಡಿಗೆ ಮನೆಗೆ ಬಂದಳು. ಬಿಸಿಲು ಗಾಳಿ ತಾಕಬಾರದೆಂದು ಅವ್ವ ಕೋಣೆಯ ಕಿಟಕಿಗೆ ಗೋಣಿಚೀಲ ಕಟ್ಟಹೊರಟಳು. ಹಗಲೂ ಕತ್ತಲಾದರೆ ತಂಗಿಗೆ ಉಸಿರು ಕಟ್ಟುತ್ತದೆಂದು ನಾನು ವಾದಿಸಿದೆ. ಬೆಳಕಿನ ಪಾಠಕ್ಕೆ ತಂದಿದ್ದ ಹಳದಿ ಜಿಲೆಟಿನ್ ಹಾಳೆ ಉಳಿದಿತ್ತು, ಅದನ್ನೇ ಕಿಟಕಿಯ ಗಾಜಿಗೆ ಅಂಟಿಸಿದೆ.

"ಮನಿಗೇ ಅರಿಷಿಣ ಹಚ್ಚಿದಂಗ ಆತು ಬಿಡವ್ವ," ಎಂದು ಅವ್ವ ನಕ್ಕಳು.

ಆ ಸದ್ದು ಕೇಳಿದ ಮರುದಿನ ಬೆಳಿಗ್ಗೆ ನರ್ಸ್ ಶಹನಾಜಬೇಗಂ ಬಾಣಂತಿಯನ್ನು ನೋಡಲು ಬಂದರು. ಕೂಸಿನ ಕೈಕಾಲು ಜೋಲು ಬಿದ್ದದ್ದು ಕಂಡು ಅದನ್ನೆತ್ತಿಕೊಂಡು ಅಂಗಳಕ್ಕೆ ನಡೆದರು. ಅವ್ವ ಬೇಡವೆನ್ನುತ್ತ ಹಿಂದೆಯೇ ಓಡಿದಳು.

"ಒಳಗ ಏನೂ ಗೊತ್ತಾಗಲಿಲ್ರಿ ಟೀಚರ್. ಇಲ್ಲಿ ನೋಡ್ರಿ, ಕಾಮಣಿ."

ಕಣ್ಣಿನ ಬಿಳಿ ಹಳದಿಯಾಗಿತ್ತು. ಅಂಗಾಲೂ ಹಳದಿ.

ಒಂಬತ್ತನೇ ತರಗತಿಗೆ ಅದೇ ಹಾಳೆಯನ್ನು ಹಂಚಿದ್ದೆ. ಅದರೊಳಗಿಂದ ನೋಡಿ, ಮೇಜಿನ ಮೇಲಿನ ಎರಡು ಸೀಮೆಸುಣ್ಣಗಳಲ್ಲಿ ಬಿಳಿಯದು ಯಾವುದು, ಹಳದಿಯದು ಯಾವುದು ಹೇಳಿ ಎಂದಿದ್ದೆ. ಒಬ್ಬರಿಗೂ ಆಗಲಿಲ್ಲ. ಹಾಳೆ ನೀಲಿಯನ್ನು ತಡೆಯುತ್ತದೆ, ನೀಲಿ ಹೋದರೆ ಬಿಳಿಯೂ ಹಳದಿಯೇ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ.

ಕೊಪ್ಪಳದ ಬಸ್ಸು ಒಂದು ತಾಸು ತಡವಾಯಿತು. ನಿಲ್ದಾಣದಲ್ಲಿ ಕೂಸನ್ನು ಬಿಸಿಲಿಗೆ ಒಡ್ಡಿ ನಿಂತಿದ್ದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಕೊಪ್ಪಳದ ಆಸ್ಪತ್ರೆಯವರು ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಕೂಸಿನ ಕಣ್ಣಿಗೆ ಬಟ್ಟೆ ಕಟ್ಟಿ, ಕಾಮಣಿ ಇಳಿಸಲು ನೀಲಿ ಟ್ಯೂಬಲೈಟುಗಳ ಕೆಳಗೆ ಮಲಗಿಸಿದರು. ನನ್ನ ಹಾಳೆ ನಾಲ್ಕು ದಿನ ಹೊರಗೆ ತಡೆದ ಬಣ್ಣವೇ ಅದು.

ಯಾವಾಗಿನಿಂದ ಹೀಗೆ ಎಂದು ಡಾಕ್ಟರು ಕೇಳಿದರು. ಇವತ್ತೇ ಕಂಡದ್ದು ಎಂದಳು ಅವ್ವ.

"ಒಂದ ದಿನದಾಗ ಇಷ್ಟು ಏರೂದಿಲ್ರಿ. ಮನ್ಯಾಗ ಯಾರೂ ಕೂಸಿನ ಮಾರಿ ನೋಡಿಲ್ಲೇನು?"

ಗಳಿಗೆಗೊಮ್ಮೆ ನೋಡಿದವಳು ನಾನು. ಉಸಿರಾಡುತ್ತಿದೆಯೇ ಎಂದು ಮೂಗಿನ ಬಳಿ ಬೆರಳು ಹಿಡಿದವಳು.

ಕೂಸು ಉಳಿಯಿತು. ಕಾಮಣಿ ಮಿದುಳಿಗೆ ಏರಿತ್ತು, ಕಿವಿ ಕೇಳುತ್ತದೋ ಇಲ್ಲವೋ ಕಾದು ನೋಡಬೇಕು ಎಂದು ಕಳಿಸಿದರು.

ಮನೆಗೆ ಬಂದ ದಿನ ಅವ್ವ ತೊಟ್ಟಿಲ ಹಿಂದೆ ನಿಂತು ತಾಟು ಬಾರಿಸಿದಳು. ಕೂಸು ಕಣ್ಣು ಪಿಳುಕಿಸಲಿಲ್ಲ. ಇನ್ನೊಮ್ಮೆ ಬಾರಿಸಿದಳು. ಬಳಿಕ ತಾಟು ಕೆಳಗಿಟ್ಟು ತಂಗಿಯ ಕಡೆ ತಿರುಗಿದಳು.

"ಬ್ಯಾಡಂದ್ರೂ ಮಜ್ಜಿಗಿ ಕುಡದಿ. ಕೂಸಿಗೆ ಹತ್ತಿತು."

"ಹೌದವ್ವ, ನಂದ ತಪ್ಪು," ಎಂದಳು ಹುಲಗೆಮ್ಮ.

ನಾನು ಕಿಟಕಿಯ ಹಾಳೆ ಕೀಳುತ್ತಿದ್ದೆ. ಬಿಳಿ ಬಿಸಿಲು ತಂಗಿಯ ಮುಖದ ಮೇಲೆ ಬಿತ್ತು, ಅವಳು ಕಣ್ಣು ಕಿರಿದು ಮಾಡಿ ಯಾಕಕ್ಕಾ ತೆಗೆದೆ ಎಂದಳು. ಗಾಜು ಒರೆಸಬೇಕಿತ್ತು ಎಂದೆ. ಹಾಳೆಯನ್ನು ಮಡಚಿ, ಇನ್ನೂ ಮಡಚಿ, ಒಲೆಗೆ ಹಾಕಿದೆ. ಅದು ಉರಿದು ಮುಗಿಯುವಷ್ಟರಲ್ಲಿ ನಿರ್ಧರಿಸಿಬಿಟ್ಟಿದ್ದೆ: ಇದನ್ನು ಯಾರಿಗೂ ಹೇಳುವುದಿಲ್ಲ, ಹುಲಗೆಮ್ಮನಿಗೂ.